ಡಿಸ್ಕೋ ದೀವಾನೆಯ ಮೇಲೆ ಗೆರೆ ಎಳೆದವರಿಗೆ

ಹೈದರಾಬಾದಿನ ಕಾಚಿಗುಡ, ಚಿಕ್ಕಡಪಲ್ಲಿ, ನಾರಾಯಣಗುಡದ ನಮ್ಮ ಹಳೆಯ ಕ್ಯಾಸೆಟ್ ಬಳಗದ ಎಲ್ಲರಿಗೂ,

ಮುಂದಿನ ತಿಂಗಳು ಹಿಮಾಯತ್‌ನಗರದ ತಾರಸಿಯ ಮೇಲೆ ಸೇರಿ ನಮ್ಮ ಕಾಲದ ಹಾಡು ಕೇಳೋಣವೆಂದು ಮಾಡಿದ ಪಟ್ಟಿ ನನಗೂ ತಲುಪಿತು. ಮೆಹದಿ ಹಸನ್ ಇದ್ದಾರೆ, ಜಗಜೀತ್–ಚಿತ್ರಾ ಇದ್ದಾರೆ, ಇಳಯರಾಜ ಇದ್ದಾರೆ, ‘ಪ್ರೇಮಲೋಕ’ ಇದೆ. ‘ಡಿಸ್ಕೋ ದೀವಾನೆ’ಯ ಮೇಲೆ ಮಾತ್ರ ಗೆರೆ ಎಳೆದಿದ್ದೀರಿ. ಪಕ್ಕದಲ್ಲೊಂದು ಟಿಪ್ಪಣಿ: ‘ನಕ್ಕೋ ಬಾಬಾ, ಅದೆಲ್ಲ ಹುಡುಗಾಟ. ಬೇಕಾದ್ರ ಕಡೀಗೆ ಟೈಟಲ್ ಹಾಡು ಒಂದು ಹಾಕೋಣ, ಕುಣೀಲಿಕ್ಕೆ.’

ಗೆರೆ ಎಳೆದ ಪೆನ್ನು ಯಾರದೆಂದು ಕೇಳುವುದಿಲ್ಲ. ಕೈ ಗಂಡಸರದು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಫೋನಿನಲ್ಲೇ ಜಗಳ ಮಾಡಿ ಮುಗಿಸಬಹುದಿತ್ತು. ಆದರೆ ಹದಿನೈದನೆಯ ವಯಸ್ಸಿನಲ್ಲಿ ಹಚ್ಚಿಕೊಂಡದ್ದನ್ನು ಅರವತ್ತರ ಹತ್ತಿರ ಬಂದಾಗ ನಾಚಿಕೆಯಿಂದ ಪಕ್ಕಕ್ಕೆ ಸರಿಸುವವರು ನೀವಷ್ಟೇ ಅಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಆಲ್ಬಮ್ಮಿನ ಹಿನ್ನೆಲೆ. ನಮ್ಮಲ್ಲಿ ಕೆಲವರಿಗೆ ಅದು ಬಾಂಬೆಯ ಯಾವುದೋ ಸಿನಿಮಾದ ಕ್ಯಾಸೆಟ್ಟು ಎಂಬ ಗುಂಗು ಈಗಲೂ ಹೋಗಿಲ್ಲ. 1980ರಲ್ಲಿ ‘ಕುರ್ಬಾನಿ’ ಸಿನಿಮಾ ಬಂತು. ಅದರ ಬಹುಪಾಲು ಹಾಡುಗಳು ಕಲ್ಯಾಣ್‌ಜಿ–ಆನಂದ್‌ಜಿ ಅವರವು. ‘ಆಪ್ ಜೈಸಾ ಕೋಯಿ’ ಮಾತ್ರ ಲಂಡನ್ನಿನಲ್ಲಿದ್ದ ಬಿದ್ದು ಅವರದು. ಹಾಡಿದವಳು ಕರಾಚಿ ಮೂಲದ ನಾಜಿಯಾ ಹಸನ್, ಆಗ ಅವಳಿಗೆ ಹದಿನೈದು. ಆ ಒಂದೇ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮರುವರ್ಷ, 1981ರಲ್ಲಿ, ನಾಜಿಯಾ ಮತ್ತು ಅವಳ ತಮ್ಮ ಜೋಹೇಬ್ ಇಬ್ಬರನ್ನೂ ಕೂರಿಸಿಕೊಂಡು ಬಿದ್ದು ಒಂದು ಪೂರ್ತಿ ಆಲ್ಬಮ್ ಮಾಡಿದರು, ಅದೇ ‘ಡಿಸ್ಕೋ ದೀವಾನೆ’. ಅದಕ್ಕೆ ಸಿನಿಮಾ ಇಲ್ಲ, ಕಥೆ ಇಲ್ಲ, ಮರ ಸುತ್ತುವ ನಾಯಕ-ನಾಯಕಿ ಇಲ್ಲ. ಇಲ್ಲಿ ಅದನ್ನು ಮಾರಿದ್ದು ಎಚ್‌ಎಂವಿ. ಸಿನಿಮಾದ ಹಂಗಿಲ್ಲದೆ ಪಾಪ್ ಸಂಗೀತದ ಒಂದು ಆಲ್ಬಮ್ ಈ ದೇಶದ ಗಲ್ಲಿಗಲ್ಲಿಯಲ್ಲಿ ಹಾಗೆ ಓಡಿದ್ದನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಈ ಬಿದ್ದು ಅಂದರೆ ಬಿದ್ದು ಅಪ್ಪಯ್ಯ. ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಗಿಟಾರು ನುಡಿಸಿ, ಅರವತ್ತರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಇವರದೇ ತಯಾರಿಕೆ. ಇನ್ನೊಂದು ಹಾಡಿನ ಬೆನ್ನಿಗಿರಲಿ ಎಂದು ಅವಸರದಲ್ಲಿ ಮುಗಿಸಿದ ಆ ಹಾಡು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಪಟ್ಟಿಯ ತುದಿಗೆ ಹೋಯಿತು. ‘ಕುರ್ಬಾನಿ’ಯ ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಹೈದರಾಬಾದಿನಲ್ಲಿ ಕೂತು ಕರಾಚಿಯ ಹುಡುಗಿಯ ಉರ್ದುವಿಗೆ ನಾವು ತಲೆದೂಗುತ್ತಿದ್ದಾಗ, ಅದರ ತಾಳ ಕಟ್ಟಿದವರು ನಮ್ಮ ಕಡೆಯವರೆಂದು ಯಾರೂ ಹೇಳಲಿಲ್ಲ. ಒಳ್ಳೆಯದೇ ಆಯಿತು. ಗೊತ್ತಾಗಿದ್ದರೆ ರಾಜ್ಯೋತ್ಸವದ ವೇದಿಕೆಗೆ ಎಳೆದು ತಂದು, ಶಾಲು ಹೊದಿಸಿ, ಅದರ ಮೋಜನ್ನೇ ಕೆಡಿಸುತ್ತಿದ್ದೆವು.

ಈಗ ನನ್ನ ತಕರಾರಿಗೆ ಬರುತ್ತೇನೆ. ಆ ಆಲ್ಬಮ್ ನಿಮಗೆ ಹಳಸಿದೆ ಎನ್ನುತ್ತೀರಿ. ನಾನು ಕೇಳುವುದು, ನೀವು ಅದನ್ನು ಕೇಳಿದ್ದಾದರೂ ಯಾವಾಗ?

ನೆನಪು ಮಾಡಿಕೊಳ್ಳಿ. ಎಚ್‌ಎಂವಿಯ ಅಸಲಿ ಕ್ಯಾಸೆಟ್ ನಮ್ಮಲ್ಲಿ ಎಷ್ಟು ಮನೆಯಲ್ಲಿತ್ತು? ಕೋಠಿಯ ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ಟನ್ನೂ ಹಾಡಿನ ಚೀಟಿಯನ್ನೂ ಕೊಟ್ಟು ಬಂದರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಅದರಿಂದ ನಮ್ಮನಮ್ಮಲ್ಲೇ ಇನ್ನೊಂದು ನಕಲು, ನಕಲಿನಿಂದ ಮತ್ತೊಂದು. ಪ್ರತಿ ನಕಲಿಗೂ ಟೇಪಿನ ಸುಸ್ಸೆನ್ನುವ ಸದ್ದು ಹೆಚ್ಚುತ್ತದೆ, ಮೇಲಿನ ಸ್ವರಗಳ ಹೊಳಪು ಇಳಿಯುತ್ತದೆ. ಅದನ್ನು ಕೇಳುತ್ತಿದ್ದದ್ದಾದರೂ ಯಾವುದರಲ್ಲಿ? ಜೆಡ್ಡಾಕ್ಕೋ ರಿಯಾದಿಗೋ ದುಡಿಯಲು ಹೋದವರು ರಜೆಗೆ ಬರುವಾಗ ತಂದ ಟು-ಇನ್-ವನ್‌ಗಳಲ್ಲಿ. ಅಂಗೈ ಅಗಲದ ಆ ಸ್ಪೀಕರು ತೀರಾ ಕೆಳಗಿನ ಸದ್ದನ್ನು ಎತ್ತಿ ಕೊಡಲಾರದು. ಡಿಸ್ಕೋದ ಪ್ರಾಣ ಇರುವುದು ಆ ಕೆಳಗಿನ ಸದ್ದಿನಲ್ಲೇ: ನಾಲ್ಕು ಎಣಿಕೆಗೆ ನಾಲ್ಕು ಸಲ, ತಪ್ಪದೆ ಬೀಳುವ ದೊಡ್ಡ ಡ್ರಮ್ಮಿನ ಪೆಟ್ಟು. ಎಣಿಕೆಗಳ ನಡುವೆ ಚಿಸ್ ಚಿಸ್ ಎನ್ನುವ ತಾಳದ ತಟ್ಟೆಯ ಸದ್ದು ನಕಲಿನಲ್ಲೇ ಅಳಿಸಿಹೋಗಿತ್ತು. ಕೆಳಗಿನ ಪೆಟ್ಟನ್ನು ಸ್ಪೀಕರು ನುಂಗಿತ್ತು.

ಹಾಗಾದರೆ ಉಳಿದದ್ದೇನು? ನಡುವಿನ ಪದರ. ಅಂದರೆ ಆ ಹುಡುಗಿಯ ದನಿ. ಟೇಪಿನ ಮೋಟಾರು ತುಸು ಜೋರಾಗಿ ಓಡಿದರೆ ಅವಳು ಇನ್ನೂ ಚಿಕ್ಕವಳಾಗುತ್ತಿದ್ದಳು, ಸೆಲ್ಲು ಸತ್ತರೆ ದೊಡ್ಡವಳಾಗುತ್ತಿದ್ದಳು.

ನಾವು ಹುಡುಗಿಯರು ಕೇಳಿದ್ದು ಆ ದನಿಯನ್ನು. ಬಾಗಿಲು ಹಾಕಿ, ಸದ್ದು ಕಡಿಮೆ ಮಾಡಿ, ಅಪ್ಪ ಕಚೇರಿಯಿಂದ ಬರುವುದರೊಳಗೆ. ಹಾಗೆ ಕೇಳುವಾಗ ಒಂದು ಹಾಡು ಆರಿಸಿ ಮುಂದಕ್ಕೋಡಿಸುವ ಪುರಸೊತ್ತು ಇರಲಿಲ್ಲ, ಟೇಪು ಹೇಗೆ ಬರುತ್ತದೋ ಹಾಗೆ. ನೀವು ಗಂಡುಹುಡುಗರು ಆ ಆಲ್ಬಮ್ಮನ್ನು ಕೇಳಿದ್ದು ಬೀದಿಯಲ್ಲಿ, ಬರಾತಿನಲ್ಲಿ, ಗಣೇಶನನ್ನು ಹುಸೇನ್ ಸಾಗರಕ್ಕೆ ಒಯ್ಯುವ ಲಾರಿಯ ಮುಂದೆ. ಅಲ್ಲಿ ಹಾಕುತ್ತಿದ್ದದ್ದು ಟೈಟಲ್ ಹಾಡೊಂದೇ. ಬ್ಯಾಂಡಿನವರು ತುತ್ತೂರಿಯಲ್ಲಿ ಅದನ್ನೇ ನುಡಿಸಿದರು, ನೀವು ಅದಕ್ಕೇ ಕುಣಿದಿರಿ. ಬಾರ್ಕಸಿನ, ಎ.ಸಿ. ಗಾರ್ಡ್ಸಿನ ಅರಬ್ ಮತ್ತು ಹಬ್ಶಿ ಮನೆತನಗಳು ಈ ಊರಿಗೆ ಕೊಟ್ಟ ಮರ್ಫಾ ಕುಣಿತದ ಹೆಜ್ಜೆಯನ್ನೇ ನೀವು ಲಂಡನ್ನಿನ ಡಿಸ್ಕೋಗೂ ಹಾಕಿದ್ದು. ಅದು ಚೆಂದವೇ ಇತ್ತು, ನಾವು ಕಿಟಕಿಯಿಂದ ನೋಡಿದ್ದೇವೆ. ಆದರೆ ಆಲ್ಬಮ್ ಎಂದರೆ ಆ ಒಂದು ಹಾಡು ಎಂದುಕೊಂಡು ಈಗ ಇಡೀ ಆಲ್ಬಮ್ಮನ್ನೇ ಪಟ್ಟಿಯಿಂದ ತೆಗೆಯುವುದು, ಉಳಿದ ಹಾಡುಗಳನ್ನು ಕೇಳಿದವರನ್ನು ಒಂದು ಮಾತು ಕೇಳದೆ ಮಾಡಿದ ತೀರ್ಮಾನ.

ಟೈಟಲ್ ಹಾಡು ಹಳಸಿದೆ ಎಂದರೆ ನಾನೂ ಒಪ್ಪುತ್ತೇನೆ. ಒಂದೇ ಸಾಲು ಮತ್ತೆ ಮತ್ತೆ ಬಂದು ಕಿವಿ ತುಂಬುತ್ತದೆ. ಆಗ ಅದೇ ನಶೆ, ಈಗ ಅದೇ ದಣಿವು. ಅದನ್ನೇ ‘ಡ್ರೀಮರ್ ದೀವಾನೆ’ ಎಂದು ಇಂಗ್ಲಿಷಿನಲ್ಲೂ ಹಾಡಿಸಿದರು, ಅದನ್ನಂತೂ ನೀವು ಹೇಳುವ ಮೊದಲೇ ನಾನು ಬಿಟ್ಟಿದ್ದೆ. ಪ್ರತಿಧ್ವನಿಯ ಬಳಕೆ ಕೆಲವು ಕಡೆ ಅತಿ. ಮಾತುಗಳಂತೂ ತೆಳು: ಪ್ರೀತಿ, ರಾತ್ರಿ, ಕನಸು, ಮತ್ತೆ ಪ್ರೀತಿ.

ಮಾತು ತೆಳು ಎಂದು ಮೊದಲು ಹೇಳಿದವರು ನಮ್ಮ ಅಪ್ಪಂದಿರು. ಬೀದರ, ಗುಲಬರ್ಗಾ, ರಾಯಚೂರಿನ ಶಾಲೆಗಳಲ್ಲಿ ನಿಜಾಮರ ಕಾಲಕ್ಕೆ ಉರ್ದುವಿನಲ್ಲೇ ಗಣಿತ, ಭೂಗೋಳ ಓದಿದವರು ಅವರು. 1956ರಲ್ಲಿ ಆ ಜಿಲ್ಲೆಗಳು ಕನ್ನಡ ರಾಜ್ಯದ ಕಡೆ ಹೋದರೂ ನೌಕರಿಯ ಕಾರಣಕ್ಕೆ ಈ ಊರಲ್ಲೇ ಉಳಿದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಬೇಗಂ ಅಖ್ತರ್ ಕೇಳಿದ ಆ ಕಿವಿಗೆ ನಾಜಿಯಾ ಹೇಗೆ ಹಿಡಿಸಬೇಕು? ‘ಇದರಾಗ ಶಾಯರಿ ಎಲ್ಲದ?’ ಎಂದು ನನ್ನ ಅಪ್ಪ ಕೇಳಿದ್ದರು. ಸರಿಯಾದ ಪ್ರಶ್ನೆ, ಶಾಯರಿ ಅದರಲ್ಲಿ ಇರಲಿಲ್ಲ. ಆದರೆ ನಾವು ಅದರಲ್ಲಿ ಹುಡುಕುತ್ತಿದ್ದದ್ದು ಶಾಯರಿಯನ್ನಲ್ಲ. ಈಗ ನಿಮ್ಮ ಪಟ್ಟಿಯಲ್ಲಿ ಗಝಲುಗಳು ಸಾಲಾಗಿ ನಿಂತದ್ದು ನೋಡಿದರೆ ನಗು ಬರುತ್ತದೆ. ಅಭಿರುಚಿ ಪಕ್ವವಾಯಿತು ಎಂದುಕೊಂಡಿದ್ದೀರಿ. ಅಪ್ಪಂದಿರ ಕುರ್ಚಿ ಖಾಲಿಯಾಯಿತು, ನೀವು ಹೋಗಿ ಕೂತಿರಿ, ಅಷ್ಟೇ.

ನನ್ನ ರುಚಿಯೂ ಬದಲಾಗಿದೆ. ನಿಜ ಹೇಳಬೇಕೆಂದರೆ ನಾಜಿಯಾಳನ್ನು ನಾನೂ ಬಹಳ ಕಾಲ ಮುಟ್ಟಿರಲಿಲ್ಲ. 1982ಕ್ಕೆ ‘ಡಿಸ್ಕೋ ಡ್ಯಾನ್ಸರ್’ ಬಂದ ಮೇಲೆ ಎಲ್ಲ ಭಾಷೆಯ ಎಲ್ಲ ಚಿತ್ರಕ್ಕೂ ಮಿಣಮಿಣ ಲೈಟು, ಅದೇ ಪೆಟ್ಟು. ಅಸಲು ಯಾವುದು, ನಕಲು ಯಾವುದು ಎಂದು ನೋಡುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಮದುವೆ, ಮಕ್ಕಳು, ಆಮೇಲೆ ಭೀಮಸೇನ ಜೋಶಿ, ಕುಮಾರ ಗಂಧರ್ವ. ಮೊನ್ನೆ ಮಗ ಒಳ್ಳೆಯ ಹೆಡ್‌ಫೋನು ತಂದುಕೊಟ್ಟಾಗ, ನಿಮ್ಮ ಪಟ್ಟಿಯ ಗೆರೆ ನೋಡಿ ಬಂದ ಹಟಕ್ಕೆ, ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದೆ.

ಅದು ನನ್ನ ಆಲ್ಬಮ್ ಆಗಿರಲಿಲ್ಲ. ಕೆಳಗೆ ಒಂದು ಇಡೀ ಅಂತಸ್ತು ಇತ್ತು, ನಾನು ಅಲ್ಲಿಗೆ ಇಳಿದೇ ಇರಲಿಲ್ಲ. ‘ದಿಲ್ ಕೀ ಲಗಿ’ಯಲ್ಲಿ ಬೇಸ್ ಹೇಗೆ ನಡೆಯುತ್ತದೆ ಕೇಳಿ. ತಾಳ ಹಿಡಿದು ನಿಲ್ಲುವುದಷ್ಟೇ ಅದರ ಕೆಲಸವಲ್ಲ, ಹಾಡಿನ ಕೆಳಗೆ ತನ್ನದೇ ಇನ್ನೊಂದು ಹಾಡು ಹೇಳಿಕೊಂಡು ಹೋಗುತ್ತದೆ. ಸಿಂಥಸೈಜರು ಎಂದರೆ ಪಿಯ್ಯೋ ಪಿಯ್ಯೋ ಎನ್ನುವ ಸದ್ದು ಎಂದಷ್ಟೇ ನಮಗೆ ಗೊತ್ತಿದ್ದದ್ದು. ‘ಆಪ್ ಜೈಸಾ ಕೋಯಿ’ಯ ಆ ಎಲೆಕ್ಟ್ರಾನಿಕ್ ಡ್ರಮ್ಮು ಎಲ್ಲರ ಬಾಯಲ್ಲೂ ಇತ್ತು. ಈ ಆಲ್ಬಮ್ಮಿನಲ್ಲಿ ಬಿದ್ದು ಯಂತ್ರವನ್ನು ಬಳಸುವ ರೀತಿ ಅದಕ್ಕಿಂತ ಜಾಣತನದ್ದು. ಯಂತ್ರ, ವಾದ್ಯ, ದನಿ ಮೂರಕ್ಕೂ ನಡುವೆ ಜಾಗ ಬಿಟ್ಟಿದ್ದಾರೆ. ಆಗ ನನಗೆ ಬೇಕಿದ್ದದ್ದು ವೇಗ, ಈಗ ಹಿಡಿಸುವುದು ಆ ಜಾಗ.

ಇನ್ನು ಆ ದನಿ. ಲತಾ, ಆಶಾ, ಜಾನಕಿ, ಸುಶೀಲಾ: ನಮ್ಮ ಕಿವಿ ಪಳಗಿದ್ದು ವರ್ಷಾನುಗಟ್ಟಲೆ ಸಾಧನೆ ಮಾಡಿದ, ಎತ್ತರದ ಶ್ರುತಿಯಲ್ಲೂ ಒಡೆಯದ ಕಂಠಗಳಿಗೆ. ನಾಜಿಯಾ ಹಾಡುವುದು ಮಾತಾಡಿದ ಹಾಗೆ. ಸ್ವಲ್ಪ ಮೂಗಿನಲ್ಲಿ, ಗಮಕ ಇಲ್ಲ, ಮುರ್ಕಿ ಇಲ್ಲ, ಭಾವ ತುಂಬಬೇಕೆಂಬ ಹಟವೂ ಇಲ್ಲ. ಬಿದ್ದು ಆ ದನಿಯನ್ನು ಒಂದರ ಮೇಲೊಂದು ಹಾಸಿ ದಪ್ಪ ಮಾಡಿದರು, ತಿದ್ದಲು ಹೋಗಲಿಲ್ಲ. ‘ಲೇಕಿನ್ ಮೇರಾ ದಿಲ್’ ಕೇಳಿ. ದುಃಖದ ಹಾಡು, ಆದರೆ ದನಿಯಲ್ಲಿ ಅಳು ಇಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗಿ ಅಡುಗೆಮನೆಯಲ್ಲಿ ನಿಂತು ಅವ್ವನಿಗೆ ಸುದ್ದಿ ಹೇಳುವ ಹಾಗೆ ಹಾಡುತ್ತಾಳೆ. ನಮ್ಮಂಥ ದನಿಯವರೂ ಹಾಡಬಹುದು ಎಂದು ನನಗೆ ಮೊದಲು ಅನ್ನಿಸಿದ್ದು ಇವಳಿಂದ. ಆ ಆಲ್ಬಮ್ಮಿನ ದೊಡ್ಡ ಕೆಲಸ ತಾಳದಲ್ಲಿಲ್ಲ, ಈ ಸಾದಾ ದನಿಯಲ್ಲಿದೆ ಎಂಬುದು ನನ್ನ ವಾದ. 1995ರಲ್ಲಿ ಅಲಿಷಾ ಚಿನಾಯ್ ‘ಮೇಡ್ ಇನ್ ಇಂಡಿಯಾ’ ಹಾಡಿದಾಗ ಅದರ ಹಿಂದಿದ್ದವರೂ ಬಿದ್ದು ಅವರೇ. ಆ ಹೊತ್ತಿಗೆ ಟೀವಿ ಪಾಪ್ ಸಂಗೀತದಿಂದ ತುಂಬಿತ್ತು. ನಾಜಿಯಾ ಮಾತ್ರ 1992ರಲ್ಲಿ ಬಂದ ‘ಕ್ಯಾಮೆರಾ ಕ್ಯಾಮೆರಾ’ದ ನಂತರ ಇನ್ನೊಂದು ಆಲ್ಬಮ್ ಮಾಡಲಿಲ್ಲ. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಮೂವತ್ತೈದು ವರ್ಷ.

ನಿಮ್ಮಲ್ಲೇ ಇನ್ನೊಂದು ಪಕ್ಷವಿದೆ. ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ಮಕ್ಕಳ ಮಾತು ಕೇಳಿ ಹೊಸ ದೀಕ್ಷೆ ತೆಗೆದುಕೊಂಡವರು. ‘ಆ ಕಾಲದ್ದೇ ಬೇಕಾದರೆ ಚರಣ್‌ಜಿತ್ ಸಿಂಗ್ ಕೇಳಬೇಕು, ನಾಜಿಯಾ ಏನು’ ಎಂದು ಮೂಗು ಮುರಿಯುತ್ತಾರೆ. ಇವರಿಗೂ ಒಂದು ಮಾತು.

ಚರಣ್‌ಜಿತ್ ಸಿಂಗ್ ಬಾಂಬೆಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಮುಂದಿಟ್ಟುಕೊಂಡು ಒಬ್ಬರೇ ಕೂತು ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಆಲ್ಬಮ್ ಮಾಡಿದರು. ತಾಳಕ್ಕೆ ಟಿಆರ್-808, ಬೇಸಿಗೆ ಟಿಬಿ-303, ರಾಗಕ್ಕೆ ಜುಪಿಟರ್-8. ಭೈರವಿ, ಲಲಿತ, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ, ಯಮನ್, ಕಲಾವತಿ, ಮಾಲಕೌಂಸ, ಬೈರಾಗಿ. ಆಗ ಅದು ಓಡಲಿಲ್ಲ. ರಾಗ ಬೇಕಿದ್ದವರಿಗೆ ಯಂತ್ರ ಬೇಡವಾಗಿತ್ತು, ಡಿಸ್ಕೋ ಬೇಕಿದ್ದವರಿಗೆ ತೋಡಿ ಬೇಡವಾಗಿತ್ತು. 2010ರಲ್ಲಿ ‘ಬಾಂಬೆ ಕನೆಕ್ಷನ್’ ಎಂಬ ರೆಕಾರ್ಡ್ ಕಂಪನಿ ಅದನ್ನು ಮತ್ತೆ ಹೊರತಂದಾಗ ಯುರೋಪಿನವರು ಬೆಚ್ಚಿಬಿದ್ದರು. ಯಾಕೆಂದರೆ 1987ರಲ್ಲಿ ಶಿಕಾಗೋದ ಫ್ಯೂಚರ್ ತಂಡ ಅದೇ 303 ಯಂತ್ರವನ್ನು ತಿರುಚಿ ‘ಆಸಿಡ್ ಟ್ರ್ಯಾಕ್ಸ್’ ಮಾಡಿತ್ತು, ಅದರಿಂದ ಒಂದು ಇಡೀ ಪಂಥವೇ ಹುಟ್ಟಿತ್ತು. ಬಾಂಬೆಯಲ್ಲಿ ಐದು ವರ್ಷ ಮೊದಲೇ ಅಂಥದೇ ಸದ್ದು! ಚರಣ್‌ಜಿತ್ ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ಯುರೋಪಿನ ವೇದಿಕೆ ಹತ್ತಿ ಅದನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು.

ನಾನೂ ಕೇಳಿದೆ. ಭೈರವಿ ಚೆನ್ನಾಗಿದೆ, ಕಲಾವತಿ ಇನ್ನೂ ಚೆನ್ನಾಗಿದೆ. ಯಂತ್ರದ ಆ ಜಾರುವ ಸ್ವರ ಮೀಂಡಿಗೆ ಹತ್ತಿರ ಹೋಗುವಾಗ ರೋಮಾಂಚನವಾಗುತ್ತದೆ. ಆದರೆ ಹತ್ತು ರಾಗಕ್ಕೂ ಅದೇ ಓಟ. ಲಲಿತಕ್ಕೆ ನಿಲ್ಲಲು ಪುರಸೊತ್ತಿಲ್ಲ, ಯಮನ್‌ಗೆ ಉಸಿರಿಲ್ಲ. ನಾಲ್ಕನೆಯ ರಾಗದ ಹೊತ್ತಿಗೆ ನನಗೆ ರಾಗ ಹೋಗಿ ಸ್ವರಗಳ ಸಾಲು ಉಳಿದಂತೆ ಕೇಳಿಸಿತು. ಅದು ಧೈರ್ಯದ ಕೆಲಸ, ಮರೆಯಬಾರದ ಕೆಲಸ. ಆದರೆ ನೀವು ಅದನ್ನು ಮೆಚ್ಚುತ್ತಿರುವುದು ಶಿಕಾಗೋದವರಿಗಿಂತ ಮೊದಲು ಮಾಡಿದರು ಎಂಬ ಕಾರಣಕ್ಕೆ. ಅದೇ ಶಿಕಾಗೋ 1979ರ ಜುಲೈಯಲ್ಲಿ ಬೇಸ್‌ಬಾಲ್ ಮೈದಾನದ ನಡುವೆ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿತ್ತು. ಆಗ ನಮ್ಮಲ್ಲಿ ‘ಕುರ್ಬಾನಿ’ ಕೂಡ ಬಂದಿರಲಿಲ್ಲ. ಅವರು ಸುಟ್ಟದ್ದು ನಮಗೆ ಹೊಸದು, ನಾವು ಎಸೆದದ್ದು ಅವರಿಗೆ ನಿಧಿ. ಈ ಏರಿಳಿತವನ್ನು ನಂಬಿ ರುಚಿಯ ಲೆಕ್ಕ ಇಡುವುದಾದರೆ, ಇನ್ನು ಹತ್ತು ವರ್ಷಕ್ಕೆ ಯಾರಾದರೂ ನಾಜಿಯಾಳನ್ನು ಮತ್ತೆ ಹೊರತೆಗೆದು ಹೊಗಳಿದಾಗ ನೀವೇ ಮೊದಲು ಚಪ್ಪಾಳೆ ತಟ್ಟುತ್ತೀರಿ. 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಸಿನಿಮಾದವರು ಟೈಟಲ್ ಹಾಡಿನ ತುಂಡನ್ನು ಹೊಸ ಹಾಡಿಗೆ ಹೊಲಿದಾಗ ತಟ್ಟಿದವರೂ ನೀವೇ ಅಲ್ಲವೇ? ಮೊಮ್ಮಕ್ಕಳ ಹುಟ್ಟುಹಬ್ಬದಲ್ಲಿ ಅದು ನಡೆಯುತ್ತದೆ, ತಾರಸಿಯಲ್ಲಿ ಅಸಲು ನಡೆಯುವುದಿಲ್ಲ!

‘ಪ್ರೇಮಲೋಕ’ವನ್ನು ಪಟ್ಟಿಯಲ್ಲಿ ಇಟ್ಟಿದ್ದೀರಿ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. 1987ರಲ್ಲಿ ರಾಯಚೂರಿನ ನೆಂಟರ ಕೈಯಲ್ಲಿ ಆ ಕ್ಯಾಸೆಟ್ ಈ ಊರಿಗೆ ಬಂದಾಗ, ಕನ್ನಡದಲ್ಲೂ ಹೀಗೆ ಆಗುತ್ತದಲ್ಲ ಎಂದು ಕುಣಿದಾಡಿದ್ದೆವು. ಹಂಸಲೇಖ ಅವರ ಕೀಬೋರ್ಡು, ಮಾತೇ ಹಾಡಾಗುವ ಆ ಸಾಲುಗಳು, ಕಾಲೇಜಿನ ಹುಡುಗ ಹುಡುಗಿಯರ ದನಿ ನಮಗೆ ತಕ್ಷಣ ಒಗ್ಗಿದ್ದು ಹೇಗೆ? ನಮ್ಮ ಕಿವಿ ಆ ಹೊತ್ತಿಗೆ ಸಿದ್ಧವಾಗಿತ್ತು. ಸಿದ್ಧ ಮಾಡಿದವರಲ್ಲಿ ನಾಜಿಯಾಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ಕನ್ನಡದ್ದಾದರೆ ನೆನಪು, ಉರ್ದುವಿನದಾದರೆ ಹುಡುಗಾಟ ಎಂಬ ಲೆಕ್ಕ ಹೈದರಾಬಾದಿನ ಕನ್ನಡಿಗರಿಗೆ ಹೊಂದುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಟೈಟಲ್ ಹಾಡನ್ನು ಬೇಕಾದರೆ ಬಿಟ್ಟುಬಿಡಿ, ನನಗೆ ನಷ್ಟವಿಲ್ಲ. ಉಳಿದದ್ದನ್ನು ಇಡಿಯಾಗಿ ಹಾಕಿ, ನಡುವೆ ಮಾತಾಡದೆ. ಅದಕ್ಕೂ ಮೊದಲು ನಮ್ಮ ಕಾಲದ ಸವೆದ ನಕಲೊಂದರಿಂದ ‘ಲೇಕಿನ್ ಮೇರಾ ದಿಲ್’ ಮಾತ್ರ ಕೇಳಿಸಿ, ಆಮೇಲೆ ಅದನ್ನೇ ಅಸಲು ರೆಕಾರ್ಡಿನಿಂದ. ನಕಲಿನ ಕ್ಯಾಸೆಟ್ಟು ನನ್ನಲ್ಲಿದೆ, ಓಡುವ ಡೆಕ್ಕು ಇಲ್ಲ. ಗುಜರಾತಿ ಗಲ್ಲಿಯಲ್ಲಿ ರಿಪೇರಿ ಮಾಡುವವರು ಯಾರಾದರೂ ಇನ್ನೂ ಇದ್ದರೆ ನಾರಾಯಣಗುಡದವರು ವಿಚಾರಿಸಿ. ಎಲ್‌ಪಿ ಸಿಗಬಹುದಾದ ಜಾಗ ಆಬಿಡ್ಸಿನ ಭಾನುವಾರದ ಫುಟ್‌ಪಾತು, ಅದು ಚಿಕ್ಕಡಪಲ್ಲಿಯವರ ಪಾಲಿಗೆ. ಚೌಕಾಸಿ ಉರ್ದುವಿನಲ್ಲಿ ಮಾಡಿ, ನಿಮ್ಮ ತೆಲುಗು ಕೇಳಿದರೆ ಬೆಲೆ ಏರಿಸುತ್ತಾರೆ.

ಗಝಲಿನ ಪಕ್ಷದವರು ಅಷ್ಟು ಹೊತ್ತು ಚಹಾ ಕುಡಿಯುತ್ತ ಕೂತಿರಲಿ, ಮೆಹದಿ ಹಸನ್ ಸಾಹೇಬರು ಊಟದ ನಂತರ. ಚರಣ್‌ಜಿತರಿಗೆ ಎರಡು ರಾಗ ಕೊಡೋಣ, ಕಲಾವತಿ ನನ್ನ ಆಯ್ಕೆ, ಇನ್ನೊಂದು ಮಕ್ಕಳದು. ಮುಖ್ಯವಾಗಿ ದೊಡ್ಡ ಸ್ಪೀಕರು ಬೇಕು, ಕೆಳಗಿನ ಪೆಟ್ಟು ಎದೆಗೆ ಬಡಿಯುವಂಥದ್ದು. ಅದನ್ನು ನಾನು ಬಾಡಿಗೆಗೆ ತರುತ್ತೇನೆ. ಧಾರ್ಮಿಕ ಮೆರವಣಿಗೆಗೆ ಡಿಜೆ ಬೇಡವೆಂದು 2024ರಲ್ಲಿ ಈ ಊರಿನ ಪೊಲೀಸರು ತಡೆ ಹಾಕಿದರು. ಬಾಗಿಲು ಹಾಕಿಕೊಂಡು ಕೇಳುವ ಅಭ್ಯಾಸ ನಮಗಂತೂ ಮೊದಲಿಂದ ಇದೆ, ನೀವೂ ಕಲಿಯಿರಿ. ತಾರಸಿಗೆ ಬಾಗಿಲಿಲ್ಲವಾದ್ದರಿಂದ ಕೆಳಗಿನ ಮನೆಯ ಡಾಕ್ಟರ್ ಸಾಹೇಬರಿಗೆ ಮುಂಚಿತವಾಗಿ ಒಂದು ಮಾತು ಹೇಳಿ. ಅವರಿಗೂ ನಮ್ಮದೇ ವಯಸ್ಸು, ಕರೆದರೆ ಮೇಲಕ್ಕೇ ಬಂದಾರು.

ನಿಮ್ಮ
ಕಾಚಿಗುಡದ ಗೆಳತಿ